ನಲವತ್ಮೂರನೆಯ ಹಾಳೆ

ಅಫಜಲಪುರ
4 ಜೂನ್ 2023

ಡಾ. ಸುನೀಲಕುಮಾರ ಅವರಿಗೆ,

ನಮಸ್ಕಾರ. ನನ್ನ ಹೆಸರು ಖಾಸೀಂಬಿ. ಮೂವತ್ತೊಂದು ವರ್ಷ ಉರ್ದು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ತವರು ಭೀಮಾ ದಂಡೆಯ ಮಣ್ಣೂರ.

ಹೋದ ವರ್ಷ ಕನ್ನಡಕ್ಕೆ ಬಂದ ನಿಮ್ಮ ‘ಹತ್ತಿ ಮತ್ತು ಹುಕುಮು’ ಪುಸ್ತಕವನ್ನು ಎರಡು ಸಲ ಓದಿದೆ. ವಿಲಾಯತಿ ಕಂಪನಿಗಳು ನಮ್ಮ ಕಡೆಯ ಹತ್ತಿಯನ್ನು, ಹೊಳೆ ದಾಟುವ ದೋಣಿಗಳನ್ನು, ಕಡೆಗೆ ಕೋರ್ಟುಗಳನ್ನೂ ಹೇಗೆ ಕೈಯೊಳಗೆ ಇಟ್ಟುಕೊಂಡವು ಎಂಬುದನ್ನು ಚೆನ್ನಾಗಿ ವಿವರಿಸಿದ್ದೀರಿ. ನನ್ನ ತಕರಾರು ಇನ್ನೂರ ಹನ್ನೆರಡನೆಯ ಪುಟದ ಎರಡು ವಾಕ್ಯಗಳ ಬಗ್ಗೆ ಮಾತ್ರ. “1935ರ ಮಣ್ಣೂರ ದೋಣಿ ಮೊಕದ್ದಮೆಯಲ್ಲಿ ಅಂಬಿಗ ಗುಡುಸಾಬ ಮಾಫಿ ಸಾಕ್ಷಿಯಾದ. ಅವನ ಹೇಳಿಕೆಯ ಮೇಲೆ ಹನ್ನೊಂದು ಜನರಿಗೆ ಶಿಕ್ಷೆಯಾಗಿ, ಒಬ್ಬ ಜೈಲಿನಲ್ಲೇ ಸತ್ತ.”

ಗುಡುಸಾಬ ನನ್ನ ಅಜ್ಜ, ತಂದೆಯ ತಂದೆ.

ಆ ದೋಣಿಯ ಸಂಗತಿ ಊರಿಗೆಲ್ಲ ಗೊತ್ತು. ಹತ್ತಿ ಕಂಪನಿ ಮಣ್ಣೂರಿನಲ್ಲಿ ದೋಣಿ ದಾಟುವ ಕಡವನ್ನು ಗುತ್ತಿಗೆ ಹಿಡಿದಿತ್ತು. ಅದರ ಹತ್ತಿಯ ಮೂಟೆಗಳೆಲ್ಲ ದಾಟುವವರೆಗೆ ಊರವರ ಗಾಡಿ, ದನ, ಕುರಿ ಯಾವುದೂ ದಾಟುವಂತಿರಲಿಲ್ಲ. ಒಂದು ಮಧ್ಯಾಹ್ನ ಜನ ರೊಚ್ಚಿಗೆದ್ದು ದೋಣಿಯ ಹಗ್ಗ ಕಡಿದರು, ಹತ್ತಿ ಹೊಳೆಪಾಲಾಯಿತು. ದೋಣಿ ನಡೆಸುತ್ತಿದ್ದವನು ನಮ್ಮಜ್ಜ. ಅವನನ್ನೂ ಹಿಡಿದೊಯ್ದು ಕೂಡಿಹಾಕಿದ್ದರು.

ಈಗ ಊರಲ್ಲಿ ಆ ಮೊಕದ್ದಮೆಯ ಸ್ಮಾರಕದ ಕಲ್ಲು ನಿಲ್ಲಿಸುತ್ತಿದ್ದಾರೆ. ಹನ್ನೊಂದು ಜನರ ಜೊತೆ ಹನ್ನೆರಡನೆಯ ಹೆಸರಾಗಿ ಅಜ್ಜನದೂ ಇತ್ತು. ನಿಮ್ಮ ಪುಸ್ತಕ ಬಂದ ಮೇಲೆ ಸಮಿತಿಯ ಅಧ್ಯಕ್ಷ ದೌಲತರಾಯರು ಅದನ್ನು ತೆಗೆದುಹಾಕಿದರು. ನನ್ನ ತಮ್ಮ ರಸೂಲ ಇನ್ನೂ ಅಲ್ಲೇ ಇದ್ದಾನೆ. ಹೋಟೆಲಿನಲ್ಲಿ ಅವನಿಗೆ ಚಹಾ ಕೊಡುವಾಗ ಯಾರೋ ಹಿಂದಿನಿಂದ “ಮಾಫಿ ಸಾಕ್ಷಿಗೆ ಸಕ್ಕರಿ ಜಾಸ್ತಿ ಹಾಕ್ರಿ” ಅಂದರಂತೆ. ಅಂದಿನಿಂದ ಅವನು ಹೋಟೆಲಿಗೆ ಹೋಗುವುದಿಲ್ಲ.

ತನ್ನ ಶಿಕ್ಷೆ ತಪ್ಪಿಸಿಕೊಳ್ಳಲು ಜೊತೆಯವರನ್ನು ಹಿಡಿದುಕೊಟ್ಟವನು ಎಂಬ ಮಾತನ್ನು ಒಬ್ಬ ಮನುಷ್ಯನ ಮೇಲೆ ಬರೆಯುವಾಗ ನೀವು ಏನನ್ನು ನೋಡಿ ಬರೆದಿರಿ ಎಂದು ತಿಳಿಸಬೇಕು.

ಇಂತಿ,
ಖಾಸೀಂಬಿ


ಅಫಜಲಪುರ
11 ಜುಲೈ 2023

ಡಾ. ಸುನೀಲಕುಮಾರ ಅವರಿಗೆ,

ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಇದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೊದಲಿನದರ ನಕಲೂ ಇದರೊಳಗಿದೆ.

ಖಾಸೀಂಬಿ


ದೆಹಲಿ
2 ಆಗಸ್ಟ್ 2023

ಶ್ರೀಮತಿ ಖಾಸೀಂಬಿ ಅವರಿಗೆ,

ನಿಮ್ಮ ಪತ್ರಗಳು ತಲುಪಿವೆ. ಕುಟುಂಬಗಳ ಭಾವನೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಇತಿಹಾಸ ಬರೆಯುವವನು ದಾಖಲೆಗೆ ಬದ್ಧನಾಗಿರಬೇಕಾಗುತ್ತದೆ. ಸದರಿ ವಾಕ್ಯಗಳಿಗೆ ಆಧಾರ ಅಂದಿನ ಅದಾಲತಿನ ತೀರ್ಪು. ಪುಸ್ತಕದ ಹಿಂಭಾಗದ ಟಿಪ್ಪಣಿಯಲ್ಲಿ ಅದರ ಸಂಖ್ಯೆ ಇದೆ. ಇದಕ್ಕೆ ವಿರುದ್ಧವಾದ ಲಿಖಿತ ಪುರಾವೆ ನಿಮ್ಮಲ್ಲಿದ್ದರೆ ಖಂಡಿತ ಪರಿಶೀಲಿಸುತ್ತೇನೆ.

ವಂದನೆಗಳೊಂದಿಗೆ,
ಸುನೀಲಕುಮಾರ


ಅಫಜಲಪುರ
9 ಆಗಸ್ಟ್ 2023

ಡಾ. ಸುನೀಲಕುಮಾರ ಅವರಿಗೆ,

ಟಿಪ್ಪಣಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿರುವುದು ತೀರ್ಪಿನ ಸಂಖ್ಯೆಯಲ್ಲ, ‘ತೀರ್ಪಿನ ಸಾರಾಂಶ, ಇಂಗ್ಲಿಷ್’ ಎಂದಿದೆ. ನಿಜಾಮರ ಅದಾಲತು ಉರ್ದುವಿನಲ್ಲಿ ನಡೆಯುತ್ತಿತ್ತು. ಸಾಕ್ಷಿಗಳ ಮಾತನ್ನು ಉರ್ದುವಿನಲ್ಲೇ ಬರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಸಾರಾಂಶವನ್ನು ಯಾರು ಮಾಡಿದರು, ಯಾರಿಗಾಗಿ ಮಾಡಿದರು? ಅಜ್ಜ ಹೇಳಿದ್ದನ್ನು ಅವನ ಮಾತಿನಲ್ಲೇ ನೀವು ಓದಿದ್ದೀರಾ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಖಾಸೀಂಬಿ


ದೆಹಲಿ
20 ಸೆಪ್ಟೆಂಬರ್ 2023

ಶ್ರೀಮತಿ ಖಾಸೀಂಬಿ ಅವರಿಗೆ,

ತಡವಾದದ್ದಕ್ಕೆ ಕ್ಷಮಿಸಿ, ಪರೀಕ್ಷೆಗಳ ಕೆಲಸವಿತ್ತು. ಮೂಲ ಕಡತ ಹೈದರಾಬಾದಿನ ಒಂದು ದಫ್ತರಖಾನೆಯಲ್ಲಿದೆ. ಅಲ್ಲಿ ಸದ್ಯ ಕಡತಗಳ ಸ್ಥಳಾಂತರ ನಡೆದಿರುವುದರಿಂದ ಓದುಗರಿಗೆ ಪ್ರವೇಶವಿಲ್ಲ. ಸಾರಾಂಶಗಳು ಸಾಮಾನ್ಯವಾಗಿ ವಿಶ್ವಾಸಾರ್ಹವಾಗಿರುತ್ತವೆ ಎಂಬುದು ನನ್ನ ಇಪ್ಪತ್ತು ವರ್ಷಗಳ ಅನುಭವ.

ಸುನೀಲಕುಮಾರ


ಅಫಜಲಪುರ
1 ಅಕ್ಟೋಬರ್ 2023

ಡಾ. ಸುನೀಲಕುಮಾರ ಅವರಿಗೆ,

ಹೌದು ಇಲ್ಲ ಎರಡನ್ನೂ ಬಿಟ್ಟು ಬೇರೆಲ್ಲ ಬರೆದಿದ್ದೀರಿ. ನನ್ನ ಶಾಲೆಯಲ್ಲಿ ಹೋಂವರ್ಕ್ ಮಾಡದವರು ಹೀಗೆಯೇ ಉತ್ತರ ಕೊಡುತ್ತಿದ್ದರು.

ಪುಸ್ತಕದ ಬೆನ್ನಿನ ಮೇಲೆ ನೀವು ಜೇವರ್ಗಿಯಲ್ಲಿ ಹುಟ್ಟಿದವರು ಎಂದಿದೆ. ನಮ್ಮವರೇ ಆದ ಮೇಲೆ ಬಿಚ್ಚಿ ಕೇಳುತ್ತೇನೆ. ನಿಮಗೆ ಉರ್ದು ಓದಲು ಬರುತ್ತದೆಯೇ? ಬರದಿದ್ದರೆ ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಯಾವ ಕಂಪನಿ ಕೋರ್ಟನ್ನು ಕೈಯೊಳಗೆ ಇಟ್ಟುಕೊಂಡಿತ್ತು ಎಂದು ಮುನ್ನೂರು ಪುಟ ಬರೆದಿರೋ, ಆ ಕಂಪನಿಯವರಿಗೆ ಓದಲೆಂದೇ ಮಾಡಿರಬಹುದಾದ ಸಾರಾಂಶವನ್ನೇ ನಂಬಿ ನಮ್ಮಜ್ಜನಿಗೆ ಹಣೆಪಟ್ಟಿ ಹಚ್ಚಿದ್ದೀರಿ. ಇದು ನನಗೆ ಅರ್ಥವಾಗುತ್ತಿಲ್ಲ.

ಕಡತ ತರಿಸಿ. ಓದುವ ಕೆಲಸ ನನಗೆ ಬಿಡಿ. ಹಳೆಯ ಗುಮಾಸ್ತರ ಮುರಿದ ಅಕ್ಷರ ನನಗೆ ಬರುತ್ತದೆ.

ಖಾಸೀಂಬಿ


ದೆಹಲಿ
14 ನವೆಂಬರ್ 2023

ಖಾಸೀಂಬಿ ಅವರಿಗೆ,

ಇಲ್ಲ. ಓದಿಲ್ಲ. ಉರ್ದು ಬರುವುದಿಲ್ಲ.

ನಮ್ಮ ತಂದೆ ಜೇವರ್ಗಿಯ ತಹಸೀಲು ಕಚೇರಿಯಲ್ಲಿ ಹಳೆಯ ಉರ್ದು ಪಹಣಿ ಓದಿ ಹೇಳುತ್ತಿದ್ದರು. ಜನ ಅವರನ್ನು ಹುಡುಕಿಕೊಂಡು ಮನೆಗೆ ಬರುತ್ತಿದ್ದರು. ನನಗೆ ಕಲಿಸಲು ಕೂತರೆ “ಈಗ್ಯಾಕ ಬೇಕ್ರೀ ಅದು, ಇಂಗ್ಲಿಷ್ ಓದ್ತೇನಿ” ಅಂದವನು ನಾನೇ. ಇದನ್ನು ಇದುವರೆಗೆ ಯಾರಿಗೂ ಬರೆದಿರಲಿಲ್ಲ. ನಿಮ್ಮ ಪತ್ರ ಆರು ವಾರ ಮೇಜಿನ ಮೇಲಿತ್ತು.

ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೋಗುತ್ತೇನೆ.

ಸುನೀಲಕುಮಾರ


ಹೈದರಾಬಾದು
5 ಜನವರಿ 2024

ಖಾಸೀಂಬಿ ಅವರಿಗೆ,

ಒಂಬತ್ತು ದಿನ ಅಲೆದ ಮೇಲೆ ಕಡತ ಸಿಕ್ಕಿತು. ಮೊದಲು ಇಲ್ಲ ಎಂದರು, ಆಮೇಲೆ ಗೆದ್ದಲು ತಿಂದಿದೆ ಎಂದರು, ಕಡೆಗೆ ಬೇರೆ ಜಿಲ್ಲೆಯ ಗಂಟಿನಲ್ಲಿತ್ತು. ಅಂಬಿಗನ ಹೇಳಿಕೆ 38ರಿಂದ 44ರವರೆಗಿನ ಹಾಳೆಗಳಲ್ಲಿದೆ ಎಂದು ಅಲ್ಲಿನ ಗುಮಾಸ್ತರು ತೋರಿಸಿದರು. ನೆರಳಚ್ಚು ಕಳಿಸಿದ್ದೇನೆ. ಏಳು ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಅಕ್ಷರವೂ ತಿಳಿಯದೆ ಕೂತಿದ್ದೆ.

ಏನಿದ್ದರೂ ತಿಳಿಸಿ.

ಸುನೀಲಕುಮಾರ


ಅಫಜಲಪುರ
22 ಜನವರಿ 2024

ಡಾ. ಸುನೀಲಕುಮಾರ ಅವರಿಗೆ,

ಹಾಳೆಗಳು ಬಂದವು. ಅಕ್ಷರ ಕೆಟ್ಟದಾಗಿದೆ, ಆದರೂ ಓದಿದೆ. ಕನ್ನಡದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ.

38ನೆಯ ಹಾಳೆಯಲ್ಲಿ ಅದಾಗಲೇ ಹಿಡಿದಿದ್ದವರ ಪಟ್ಟಿ ಇದೆ. ಹತ್ತು ಹೆಸರು. ಅವರನ್ನೆಲ್ಲ ಕಂಪನಿಯ ಕಾವಲುಗಾರರು ಅಂದೇ, ಹೊಳೆದಂಡೆಯಲ್ಲೇ ಹಿಡಿದಿದ್ದರು. ಅಜ್ಜನ ಹೇಳಿಕೆ ಶುರುವಾಗುವುದು ಮೂರು ದಿನಗಳ ನಂತರ. ಯಾರು ಹಗ್ಗ ಕಡಿದರು ಎಂದು ಆರು ಸಲ ಕೇಳಿದ್ದಾರೆ. ಆರು ಸಲವೂ ಅವನದು ಒಂದೇ ಉತ್ತರ: “ನನ್ನ ಕಣ್ಣು ನೀರಿನ ಮ್ಯಾಲಿತ್ತು, ದಂಡಿ ಮ್ಯಾಲಿರಲಿಲ್ಲ.” 42ನೆಯ ಹಾಳೆಯ ಕೊನೆಗೆ ‘ಸಾಕ್ಷಿ ಹಟಮಾರಿ’ ಎಂದು ಬರೆದು ವಾಪಸು ಕೂಡಿಹಾಕಿದ್ದಾರೆ.

43 ಮತ್ತು 44ರಲ್ಲಿ ಗುಮಾಸ್ತನ ಅಕ್ಷರ ತೀರ ಮುರಿದುಹೋಗಿದೆ. ಓದಲು ಬರುವುದಿಲ್ಲ.

ಹತ್ತು ಜನ ಇವನ ಮಾತಿನಿಂದ ಸಿಕ್ಕಿಬೀಳಲಿಲ್ಲ ಎಂಬುದಂತೂ ಸ್ಪಷ್ಟವಾಯಿತಲ್ಲ. ಇನ್ನು ನಿಮ್ಮ ಕೆಲಸ ನೀವು ಮಾಡಿ.

ಖಾಸೀಂಬಿ


ದೆಹಲಿ
3 ಫೆಬ್ರವರಿ 2024

ಪ್ರಿಯ ಖಾಸೀಂಬಿ ಅವರಿಗೆ,

ನಿಮ್ಮ ಬರಹವನ್ನು ಓದಿ ತಲೆತಗ್ಗಿಸಿದೆ. ಸಾರಾಂಶ ಮಾಡಿದವನು ಪಟ್ಟಿಯನ್ನೂ ಹೇಳಿಕೆಯನ್ನೂ ಒಂದು ಮಾಡಿಬಿಟ್ಟಿದ್ದಾನೆ. ನಾನು ಅದನ್ನು ಹಾಗೇ ನುಂಗಿದೆ. ನಿಮ್ಮ ಕುಟುಂಬದ, ರಸೂಲ ಅವರ ಕ್ಷಮೆ ಕೇಳುತ್ತೇನೆ.

ಪ್ರಕಾಶಕರಿಗೆ ಬರೆದೆ. ಮರುಮುದ್ರಣವಾದರೆ ನೋಡೋಣ ಎಂದಿದ್ದಾರೆ, ಯಾವಾಗ ಎಂದು ಹೇಳುವುದಿಲ್ಲ. ಅದಕ್ಕೆ ಕಾಯದೆ ದೌಲತರಾಯರಿಗೆ ನೇರವಾಗಿ ಪತ್ರ ಬರೆದಿದ್ದೇನೆ: ಗುಡುಸಾಬ ಯಾರ ಹೆಸರನ್ನೂ ಹೇಳಲಿಲ್ಲ, ನನ್ನ ಪುಸ್ತಕದಲ್ಲಿರುವುದು ತಪ್ಪು ಎಂದು. ಅವರು ಫೋನ್ ಮಾಡಿ, “ನೀವೇ ಬರದು ಕೊಟ್ಟಮ್ಯಾಲ ನಮ್ದೇನ್ ಐತ್ರಿ, ಹೆಸರು ಹಾಕಿಸ್ತೇವಿ” ಎಂದರು. ಮಾರ್ಚ್ 28ಕ್ಕೆ ಕೆತ್ತನೆಯಂತೆ.

ಒಂದು ಮಾತು ಉಳಿದಿದೆ. ಹತ್ತು ಜನ ದಂಡೆಯಲ್ಲಿ ಸಿಕ್ಕರು. ಹನ್ನೊಂದನೆಯವನು, ಜೈಲಿನಲ್ಲಿ ಸತ್ತ ಬೀರಣ್ಣ. ಅವನು ಹೇಗೆ ಸಿಕ್ಕ? ಇಂಗ್ಲಿಷ್ ಕಾಗದಗಳಲ್ಲಿ ಅವನಿಗೆ ಊರಿಲ್ಲ, ತಂದೆಯ ಹೆಸರಿಲ್ಲ, ‘ಕುರುಬ, ವಾಸ ಗೊತ್ತಿಲ್ಲ’ ಎಂದಷ್ಟೇ ಇದೆ. ಸ್ಮಾರಕದವರೂ ಅವನ ಮನೆಯವರನ್ನು ಹುಡುಕಿ ಸೋತಿದ್ದಾರೆ. 43ರಲ್ಲಿ ಒಂದೆರಡು ಶಬ್ದವಾದರೂ ಗುರುತು ಹತ್ತುವಂತಿದೆಯೇ?

ಸುನೀಲಕುಮಾರ


ದೆಹಲಿ
26 ಫೆಬ್ರವರಿ 2024

ಖಾಸೀಂಬಿ ಅವರಿಗೆ,

ಉತ್ತರ ಬರಲಿಲ್ಲ. ಆರೋಗ್ಯ ಸರಿಯಿದೆಯೇ? ಮೊದಲು ನಾನು ನಿಮ್ಮನ್ನು ಕಾಯಿಸಿದೆ, ಈಗ ನೀವು. ಹಾಳೆ ಓದಲು ಬರದಿದ್ದರೆ ಇಲ್ಲಿ ಒಬ್ಬರಿಗೆ ತೋರಿಸಬಹುದು, ಆದರೆ ನಿಮ್ಮ ಒಪ್ಪಿಗೆಯಿಲ್ಲದೆ ತೋರಿಸುವುದಿಲ್ಲ.

ಸುನೀಲಕುಮಾರ


ದೆಹಲಿ
13 ಮಾರ್ಚ್ 2024

ಖಾಸೀಂಬಿ ಅವರಿಗೆ,

ಕಲ್ಲು ಕೆತ್ತಲು ಇನ್ನು ಹದಿನೈದು ದಿನ. ದೌಲತರಾಯರು ಬೀರಣ್ಣನ ಹೆಸರಿನ ಮುಂದೆ ಊರಿನ ಜಾಗವನ್ನು ಖಾಲಿ ಬಿಡುತ್ತಾರಂತೆ. ನೀವೇಕೆ ಸುಮ್ಮನಾದಿರಿ ಎಂಬುದು ತಿಳಿಯುತ್ತಿಲ್ಲ. ಹಳೆಯ ಸಿಟ್ಟೇ ಆಗಿದ್ದರೆ ಅದನ್ನಾದರೂ ಬರೆಯಿರಿ.

ಸುನೀಲಕುಮಾರ


ಅಫಜಲಪುರ
21 ಮಾರ್ಚ್ 2024

ಡಾ. ಸುನೀಲಕುಮಾರ ಅವರಿಗೆ,

ಅಕ್ಷರ ಮುರಿದುಹೋಗಿಲ್ಲ. ಇಡೀ ಕಡತದಲ್ಲಿ 43ರಷ್ಟು ಸ್ವಚ್ಛವಾದ ಹಾಳೆ ಇನ್ನೊಂದಿಲ್ಲ. ಜನವರಿಯಲ್ಲೇ ಮೊದಲ ಸಲಕ್ಕೇ ಓದಿದ್ದೆ.

ಎಂಟು ದಿನ ಕೂಡಿಹಾಕಿದ ಮೇಲೆ ಅಜ್ಜನನ್ನು ಮತ್ತೆ ಕರೆತಂದಿದ್ದಾರೆ. ಅಲ್ಲಿರುವುದು ಇಷ್ಟು:

“ಹಗ್ಗ ಕಡಿದವನು ಯಾರು?”
“ಬೀರಣ್ಣ. ನಿಂಬರ್ಗಾದವ. ಕುರಿ ಕಾಯ್ತಾನ. ಮೂರು ದಿನ ಕುರಿ ಹೊಡಕೊಂಡು ದಂಡಿ ಮ್ಯಾಲೆ ಕುಂತಿದ್ದ, ದಾಟಾಕ ಬಿಡಲಿಲ್ಲ.”
“ಈಗ ಎಲ್ಲಿದ್ದಾನೆ?”
“ಗದ್ದಲ ನಡೆದಾಗ ನಾನೇ ಸಣ್ಣ ದೋಣ್ಯಾಗ ಆಚೆ ದಂಡಿಗೆ ಬಿಟ್ಟೇನಿ. ಅದು ಇಂಗ್ರೇಜರ ಹದ್ದು.”

ಕೆಳಗೆ ಹೆಬ್ಬೆಟ್ಟು. 44ರಲ್ಲಿ ಬಿಡುಗಡೆಯ ಎರಡು ಸಾಲು.

ಹೇಳಿದ, ಸಾಹೇಬರೆ. ಒಬ್ಬನ ಹೆಸರು ಹೇಳಿದ, ಅವನೇ ಸತ್ತವನು. ನಿಮ್ಮ ಪುಸ್ತಕ ಹತ್ತು ಪಾಲು ಸುಳ್ಳು, ಒಂದು ಪಾಲು ನಿಜ. ಆ ಒಂದು ಪಾಲನ್ನು ನಾನು ಮುಚ್ಚಿಟ್ಟೆ. ಮೂಲ ನೋಡದೆ ಬರೆದಿರಿ ಎಂದು ನಿಮ್ಮನ್ನು ಬೈದವಳು, ಮೂಲವನ್ನು ಎದುರಿಗಿಟ್ಟುಕೊಂಡೇ ಸುಳ್ಳು ಬರೆದೆ.

ಫೆಬ್ರವರಿಯಲ್ಲಿ ನೀವು ಬೀರಣ್ಣನ ಊರು ಕೇಳಿದಾಗಿನಿಂದ ಅನ್ನ ಸೇರುತ್ತಿಲ್ಲ. ಅಜ್ಜನ ಹೆಸರು ಉಳಿಸಬೇಕೆಂದರೆ ಬೀರಣ್ಣನ ಊರನ್ನು ಅಳಿಸಬೇಕು. ಎರಡೂ ಇರುವುದು ಒಂದೇ ಸಾಲಿನಲ್ಲಿ. ಅವನಿಗೂ ಮೊಮ್ಮಕ್ಕಳಿರುತ್ತಾರೆ.

ನಿನ್ನೆ ಮಣ್ಣೂರಿಗೆ ಹೋಗಿ ದೌಲತರಾಯರಿಗೆ ಹಾಳೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. “ತಗೀರಿ ಅಂತೀರಿ, ಹಾಕ್ರಿ ಅಂತೀರಿ, ಮತ್ತ ತಗೀರಿ ಅಂತೀರಿ. ಏನ್ ಮಾಡಬೇಕ್ರೀ ಟೀಚರ್ ನಾವು?” ಅಂದರು. “ನಮ್ಮಜ್ಜನ ಹೆಸರು ಬ್ಯಾಡ್ರಿ. ಬೀರಣ್ಣನ ಮುಂದ ನಿಂಬರ್ಗಾ ಅಂತ ಬರಸ್ರಿ” ಅಂದೆ.

ರಾಯರ ಮನೆ ಬಾಗಿಲಲ್ಲೇ ರಸೂಲ ನಿಂತಿದ್ದ. “ಊರವ್ರು ಒಮ್ಮೆ ತಗದ್ರು, ಈಗ ನೀ ತಗಿಸಿದಿ. ಇನ್ನ ನನ್ನ ಮನಿಗಿ ಬರಬ್ಯಾಡ ಬೇ” ಅಂದ. ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದು ಬಂದೆ.

ಖಾಸೀಂಬಿ


ದೆಹಲಿ
2 ಏಪ್ರಿಲ್ 2024

ಪ್ರಿಯ ಖಾಸೀಂಬಿ ಅವರಿಗೆ,

ನಿಮ್ಮ ಪತ್ರ ಬಂದ ದಿನವೇ ನನ್ನ ಹಳೆಯ ಇಂಗ್ಲಿಷ್ ಟಿಪ್ಪಣಿಗಳನ್ನು ತೆರೆದೆ. ಉರ್ದು ಹಾಳೆಯ ತಾರೀಖನ್ನು ಅದರ ಪಕ್ಕ ಇಟ್ಟು ನೋಡಿದ್ದು ಇದೇ ಮೊದಲು.

ಭೀಮೆಯ ಈಚೆ ನಿಜಾಮರ ರಾಜ್ಯ, ಆಚೆ ಇಂಗ್ಲಿಷರ ಸೀಮೆ. ಈಚೆಯ ಪೊಲೀಸರು ಆಚೆ ಹೋಗಿ ಯಾರನ್ನೂ ಹಿಡಿಯುವಂತಿರಲಿಲ್ಲ. ಹೊಳೆ ದಾಟಿದರೆ ಬಚಾವು ಎಂದು ದಂಡೆಯ ಜನರೆಲ್ಲ ನಂಬಿದ್ದರು. ನಿಮ್ಮಜ್ಜನ ಕೊನೆಯ ಮಾತು ಅದೇ ಅಲ್ಲವೇ? ಎಟುಕದ ಕಡೆ ಇದ್ದಾನೆಂದು ನಂಬಿಯೇ ಆ ಒಂದು ಹೆಸರನ್ನು ಹೇಳಿರಬೇಕು.

ಆದರೆ ಹತ್ತಿ ಕಂಪನಿಗೆ ಎರಡೂ ದಂಡೆಯಲ್ಲಿ ಗೋದಾಮಿತ್ತು. ಹೇಳಿಕೆಯಾದ ದಿನವೇ ಕಂಪನಿಯ ಏಜೆಂಟ ಆಚೆ ದಡದ ಇಂಗ್ಲಿಷ್ ಅಧಿಕಾರಿಗೆ ತಂತಿ ಕಳಿಸಿದ್ದಾನೆ. ನಾಲ್ಕನೆಯ ದಿನ ಇಂಡಿ ಊರಿನ ಹತ್ತಿರ ಒಂದು ಕುರಿಹಟ್ಟಿಯಲ್ಲಿ ‘ಒಬ್ಬ ಕುರುಬ’ ಸಿಕ್ಕ ಎಂದಷ್ಟೇ ಟಿಪ್ಪಣಿಯಲ್ಲಿದೆ; ಅವನೇ ಬೀರಣ್ಣ ಎಂಬುದು ತಾರೀಖು ಹೊಂದಿಸಿದಾಗ ತಿಳಿಯಿತು. ವಿಚಾರಣೆಯಿಲ್ಲದೆ ಹೊಳೆ ದಾಟಿಸಿ ಒಪ್ಪಿಸಿದರು. ಹದಿನಾಲ್ಕು ತಿಂಗಳು ಜೈಲು, ಅಲ್ಲೇ ಜ್ವರದಲ್ಲಿ ಸಾವು.

ಆ ಗಡಿ ಊರವರ ಗಾಡಿಗೆ ಗಡಿ, ಕಂಪನಿಗೆ ಗಡಿಯಲ್ಲ ಎಂದು ನಾನು ಇಡೀ ಒಂದು ಅಧ್ಯಾಯ ಬರೆದಿದ್ದೇನೆ. ಇನ್ನೂರ ಹನ್ನೆರಡನೆಯ ಪುಟ ಆ ಅಧ್ಯಾಯದಲ್ಲೇ ಇದೆ. ನನ್ನದೇ ಮಾತನ್ನು ನಿಮ್ಮಜ್ಜನಿಗೆ ಅನ್ವಯಿಸುವುದು ನನಗೆ ಹೊಳೆಯಲಿಲ್ಲ.

ಮರುಮುದ್ರಣಕ್ಕೆ ಹೀಗೆ ಬರೆದಿದ್ದೇನೆ: “ಗುಡುಸಾಬ ಹಿಂಸೆ ತಾಳಲಾರದೆ, ಆಚೆ ದಡದಲ್ಲಿ ಸುರಕ್ಷಿತನಾಗಿದ್ದಾನೆಂದು ನಂಬಿ, ನಿಂಬರ್ಗಾದ ಬೀರಣ್ಣನ ಹೆಸರು ಹೇಳಿದ.” ಒಪ್ಪಿಗೆಯೇ?

ಸುನೀಲಕುಮಾರ


ಅಫಜಲಪುರ
21 ಏಪ್ರಿಲ್ 2024

ಪ್ರಿಯ ಸುನೀಲಕುಮಾರ ಅವರಿಗೆ,

ಒಪ್ಪಿಗೆಯಿಲ್ಲ. ‘ಹಿಂಸೆ ತಾಳಲಾರದೆ’ ಎಂಬುದನ್ನು ಹೊಡೆದುಹಾಕಿ. ಹೊಡೆದರೆಂದು ನನ್ನ ಮನಸ್ಸು ಹೇಳುತ್ತದೆ, ಹಾಳೆ ಹೇಳುವುದಿಲ್ಲ. ‘ಎಂಟು ದಿನ ಕೂಡಿಹಾಕಿದ ಮೇಲೆ’ ಎಂದು ಬರೆಯಿರಿ, ಅದು ಹಾಳೆಯಲ್ಲಿದೆ. ‘ನಂಬಿ’ ಎಂಬುದೂ ಬೇಡ. ಅವನು ಏನು ನಂಬಿದ್ದನೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನು ಆಡಿದ ಮಾತನ್ನು ಹಾಗೇ ಇಡಿ, ಕೆಳಗೆ ತಂತಿಯ ತಾರೀಖು ಇಡಿ. ಓದುವವರು ತಿಳಿದುಕೊಳ್ಳಲಿ. ಪ್ರಕಾಶಕರು ಮರುಮುದ್ರಣ ಮಾಡುವವರೆಗೆ ನಾನು ಇರುತ್ತೇನೋ ಇಲ್ಲವೋ, ಆದ್ದರಿಂದ ಈಗಲೇ ಹೇಳಿಡುತ್ತಿದ್ದೇನೆ.

ಕಲ್ಲು ಎದ್ದಿತು. ಹನ್ನೊಂದು ಹೆಸರು. ಕೆತ್ತುವವನು ಬೀರಣ್ಣನ ಮುಂದೆ ‘ನಿಂಬರಗಿ’ ಎಂದು ಕೆತ್ತಿದ್ದ, ಅದು ಬೇರೆಯೇ ಊರು. ಮೂರು ಸಲ ಹೋಗಿ ಜಗಳ ಮಾಡಿ ಸರಿಪಡಿಸಿದೆ. ರಸೂಲ ಇನ್ನೂ ಮಾತನಾಡುತ್ತಿಲ್ಲ.

ಮೊನ್ನೆ ಗುರುವಾರ ನಿಂಬರ್ಗಾಕ್ಕೆ ಹೋಗಿದ್ದೆ. ಬೀರಣ್ಣನ ಮನೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕಡೆಗೆ ಒಬ್ಬ ಮುದುಕ, “ಹೊಳ್ಯಾಗ ಹ್ವಾದ ಬೀರಣ್ಣನ ಮನ್ಯೇನ್ರಿ?” ಎಂದು ತೋರಿಸಿದ. ಮಗನ ಮಗಳು ಹೀರಾಬಾಯಿ ಅಂತ, ಅರವತ್ತರ ಮೇಲಿನ ಹೆಂಗಸು, ಅಂಗಳದಲ್ಲಿ ತೊಗರಿಕಟ್ಟಿಗೆ ಒಟ್ಟುತ್ತಿದ್ದಳು. ಯಾರು ಏನು ಎಂದು ಹೇಳಿದ ಮೇಲೂ ಕೆಲಸ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಹಾಳೆ ಓದಿದೆ. ಅಜ್ಜ ಹೆಸರು ಹೇಳಿದ್ದನ್ನೂ ಓದಿದೆ, ನಿಮ್ಮ ತಂತಿಯ ಸಂಗತಿಯನ್ನೂ ಹೇಳಿದೆ.

ಆಗ ಕೈಯಲ್ಲಿದ್ದ ಕಟ್ಟಿಗೆಯನ್ನು ಕೆಳಗಿಟ್ಟಳು.

“ಆಚೆ ದಂಡಿ ಮುಟ್ಟಿದ್ನೇನ್ರಿ?” ಎಂದು ಕೇಳಿದಳು.

“ಮುಟ್ಟಿದ್ರಿ. ಎರಡ್ ವಾರ ಆಚೇನ ಇದ್ದ, ಕುರಿಹಟ್ಟ್ಯಾಗ ಸಿಕ್ಕ.”

“ನಮಗ ಹೊಳ್ಯಾಗ ಮುಳುಗಿ ಸತ್ತ ಅಂತ ಹೇಳಿದ್ರು. ನಮ್ಮ ಅಮ್ಮ, ಅವನ ಹೇಣ್ತಿ, ಹೆಣ ನೋಡದ ಬಳಿ ಒಡೆಯಂಗಿಲ್ಲ ಅಂತ ಕುಂತಳು. ಸಾಯೂತನಕ ಹಸರ ಬಳಿ ಹಾಕ್ಕೊಂಡಿದ್ಳು. ಮಂದಿ ಏನೇನೋ ಆಡಕೊಂಡ್ರು.” ನನ್ನ ಕೈಯ ಹಾಳೆಯನ್ನು ಕಣ್ಣಿನಲ್ಲೇ ತೋರಿಸಿದಳು. “ಅವಾ ಎಲ್ಲಿ ಸಿಕ್ಕ, ಎಂದು ಸಿಕ್ಕ, ಎಲ್ಲಾ ಬರದಿಟ್ಟಾರ. ಹದಿನಾಕ್ ತಿಂಗಳ ಇಟಗೊಂಡಾರ. ನಮ್ಮ ಮನಿಗಿ ಒಂದ್ ಚೀಟಿ ಬರ್ಯಾಕ ಆಗಲಿಲ್ಲೇನ್ರಿ ಯಾರಿಗೂ?”

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬರೆಯಿರಿ.

ಕಲ್ಲಿನ ಮೇಲೆ ಊರ ಹೆಸರು ಬಂದಿದೆ, ಬಂದು ನೋಡಿರಿ ಎಂದೆ. ಸೆರಗಿಗೆ ಕೈ ಒರೆಸಿಕೊಂಡಳು. ಅಜ್ಜನ ಪರವಾಗಿ ಏನಾದರೂ ಹೇಳಬೇಕೆಂದು ಹೋಗಿದ್ದೆ. ಅವಳು ಒಳಗಿನಿಂದ ನೀರು ತಂದುಕೊಟ್ಟಳು. ಕುಡಿದೆ. ಬಿಸಿಲು ಹೆಚ್ಚಿದೆ ಎಂದು ಬಸ್ಸಿನವರೆಗೆ ಜೊತೆಗೆ ಬಂದಳು.

ಬಸ್ಸು ದೂರದಲ್ಲಿ ಕಂಡಾಗ ನನ್ನ ಕಡೆ ನೋಡದೆ ಕೇಳಿದಳು: “ಆಮ್ಯಾಲ ನಿಮ್ಮಜ್ಜ ದೋಣಿ ನಡಸಿದ್ನೇನ್ರಿ?”

“ಇಲ್ರಿ. ಮುಂದ ನಲವತ್ತು ವರ್ಷ ಬದುಕಿದ. ಹೊಳಿಗೆ ಒಮ್ಮೆನೂ ಇಳೀಲಿಲ್ಲ.”

ಹೀರಾಬಾಯಿ ತಲೆಯಾಡಿಸಿದಳು. ಕೈ ಮಾಡಿ ಬಸ್ಸು ನಿಲ್ಲಿಸಿದವಳು ಅವಳೇ.

ಖಾಸೀಂಬಿ